ಶುಶ್ರೂಷೆ ಮತ್ತು ಆರೈಕೆ: ಒಂದು ಪಠ್ಯಕ್ರಮದ ವಿಮರ್ಶೆ

೧

ಯಾವುದಾದರೊಂದು ಶಾಸ್ತ್ರದ ಗುಣದೋಷಗಳನ್ನು ವಿಚಾರಿಸಹೊರಟಾಗ ಮೊದಲು ಅದರ ಹೆಸರನ್ನು ವಿಚಾರಿಸುವುದು ಭಾಷಾವ್ಯಾಸಂಗಿಗಳ ಪದ್ಧತಿ. ಹೆಸರು ಅನೇಕ ವೇಳೆ ಶಾಸ್ತ್ರಕ್ಕಿಂತ ಹಳೆಯದು. ಶಾಸ್ತ್ರವು ಎಷ್ಟು ಬೆಳೆದರೂ ಹೆಸರಿಗೆ ಅಂಟಿಕೊಂಡ ಹಳೆಯ ಭಾವನೆಗಳು ಬೇಗನೆ ಕಳಚುವುದಿಲ್ಲ. ರೋಗಿಗಳನ್ನು ನೋಡಿಕೊಳ್ಳುವ ವಿದ್ಯೆಗೆ ಕನ್ನಡದಲ್ಲಿ ಈಗ ನೆಲೆನಿಂತಿರುವ ಗ್ರಾಂಥಿಕವಾದ ಹೆಸರು ‘ಶುಶ್ರೂಷೆ’. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಶುಶ್ರೂಷಾಧಿಕಾರಿ’ ಎಂಬ ಪದವೂ, ವಿದ್ಯಾಲಯಗಳ ಫಲಕಗಳಲ್ಲಿ ‘ಶುಶ್ರೂಷಾ ಮಹಾವಿದ್ಯಾಲಯ’ ಎಂಬ ಪದವೂ ರೂಢಿಗೆ ಬಂದಿವೆ. ಆಡುಮಾತಿನಲ್ಲಿ ಮಾತ್ರ ಜನರು ‘ನರ್ಸು’, ‘ಸಿಸ್ಟರು’, ‘ದಾದಿ’ ಎಂದೇ ಕರೆಯುವರು.

ಈ ವಿದ್ಯೆಯು ಇಂಡಿಯಾ ದೇಶದಲ್ಲಿ ಸುಮಾರು ಎಂಬತ್ತು ವರ್ಷಗಳಿಂದ ವಿಶ್ವವಿದ್ಯಾನಿಲಯದ ಮೆಟ್ಟಿಲುಗಳನ್ನು ಒಂದೊಂದಾಗಿ ಏರುತ್ತ ಬಂದಿದೆ. ಸ್ನಾತಕ ಪದವಿಯಾಯಿತು, ಸ್ನಾತಕೋತ್ತರ ಪದವಿಯಾಯಿತು. ಕೊನೆಗೆ ೨೦೧೬ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ‘ನರ್ಸ್ ಪ್ರಾಕ್ಟಿಷನರ್’ ಎಂಬ ಹೊಸ ಕಾರ್ಯಕರ್ತರಿಗಾಗಿ, ತೀವ್ರನಿಗಾ ಚಿಕಿತ್ಸೆಯ ಕ್ಷೇತ್ರದಲ್ಲಿ, ಎರಡು ವರ್ಷಗಳ ಸ್ನಾತಕೋತ್ತರ ಪಠ್ಯಕ್ರಮವೊಂದನ್ನು ರೂಪಿಸಿತು. ಪಠ್ಯಕ್ರಮವನ್ನು ಸಾಹಿತ್ಯವಿಮರ್ಶೆಗೆ ವಿಷಯವಾಗಿಸುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಪಠ್ಯಕ್ರಮವೂ ಒಂದು ಗ್ರಂಥವೇ. ಅದಕ್ಕೂ ಒಬ್ಬ ನಾಯಕನೋ ನಾಯಿಕೆಯೋ ಉಂಟು: ಆ ಪಾಠಗಳಿಂದ ತಯಾರಾಗಿ ಹೊರಗೆ ಬರಬೇಕಾದ ವ್ಯಕ್ತಿ. ಆ ವ್ಯಕ್ತಿಯ ಚಿತ್ರ ಎಷ್ಟರಮಟ್ಟಿಗೆ ಪೂರ್ಣವಾಗಿದೆ, ಅದನ್ನು ಕನ್ನಡದ ನೆಲದಲ್ಲಿ ನಿಲ್ಲಿಸಿದರೆ ಏನು ಕೊರತೆ ಕಾಣುತ್ತದೆ, ಆ ಕೊರತೆಗೆ ಭಾಷೆಯ ವಿದ್ವಾಂಸರು ಎಷ್ಟು ಹೊಣೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

‘ಶುಶ್ರೂಷಾ’ ಎಂಬುದು ‘ಶ್ರು’ ಧಾತುವಿನ ಇಚ್ಛಾರ್ಥಕ ರೂಪ. ‘ಕೇಳಬೇಕೆಂಬ ಬಯಕೆ’ ಎಂಬುದು ಅದರ ಮೂಲಾರ್ಥ. ಕೇಳಬಯಸುವವನು ಹೇಳಿದಂತೆ ನಡೆಯುವವನು. ಹೇಳಿದಂತೆ ನಡೆಯುವವನು ಸೇವಕನು. ಹೀಗೆ ಅರ್ಥವು ಇಳಿಯುತ್ತ ಬಂದು ಧರ್ಮಶಾಸ್ತ್ರಗಳ ಕಾಲಕ್ಕೆ ಶಿಷ್ಯನು ಗುರುವಿಗೆ, ಹೆಂಡತಿಯು ಗಂಡನಿಗೆ, ಶೂದ್ರನು ಉಳಿದ ವರ್ಣಗಳಿಗೆ ಸಲ್ಲಿಸಬೇಕಾದ ಊಳಿಗಕ್ಕೆ ಈ ಶಬ್ದವು ಹೆಸರಾಯಿತು. ಕನ್ನಡಕ್ಕೆ ಬಂದಾಗಲೂ ಅದು ಈ ವಿಧೇಯತೆಯ ಛಾಯೆಯನ್ನು ಹೊತ್ತುಕೊಂಡೇ ಬಂದಿತು.

ಆದರೆ ಇದೇ ಶಬ್ದಕ್ಕೆ ಇನ್ನೊಂದು ವಂಶಾವಳಿಯುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬುದ್ಧಿಗೆ ಎಂಟು ಗುಣಗಳನ್ನು ಹೇಳಿದೆ: ಶುಶ್ರೂಷಾ, ಶ್ರವಣ, ಗ್ರಹಣ, ಧಾರಣ, ವಿಜ್ಞಾನ, ಊಹ, ಅಪೋಹ, ತತ್ತ್ವಾಭಿನಿವೇಶ. ಕೇಳಬೇಕೆಂಬ ಬಯಕೆ, ಕೇಳುವುದು, ತಿಳಿದುಕೊಳ್ಳುವುದು, ನೆನಪಿನಲ್ಲಿಡುವುದು, ವಿಶೇಷವಾಗಿ ಅರಿಯುವುದು, ತರ್ಕಿಸಿ ಕಲ್ಪಿಸುವುದು, ಸಲ್ಲದ್ದನ್ನು ತಳ್ಳಿಹಾಕುವುದು, ನಿಶ್ಚಯವಾದ ತತ್ತ್ವದಲ್ಲಿ ದೃಢವಾಗಿ ನಿಲ್ಲುವುದು—ಇದು ಆ ಕ್ರಮ. ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಇಲ್ಲಿ ಶುಶ್ರೂಷೆಯು ಬುದ್ಧಿಯ ಮೊದಲ ಮೆಟ್ಟಲು. ಊಳಿಗದ ಮಾತೇ ಇಲ್ಲ. ಒಂದೇ ಶಬ್ದಕ್ಕೆ ಹೀಗೆ ಎರಡು ಬಾಳು: ಒಂದು ಆಜ್ಞೆಯನ್ನು ಕೇಳುವ ಕಿವಿ, ಇನ್ನೊಂದು ಸತ್ಯವನ್ನು ಕೇಳುವ ಕಿವಿ.

ಇತರ ಶಬ್ದಗಳೂ ಬೋಧಪ್ರದವಾಗಿವೆ. ಇಂಗ್ಲಿಷಿನ ‘ನರ್ಸ್’ ಎಂಬುದು ಹಾಲೂಡಿ ಸಾಕುವವಳೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ಕನ್ನಡದ ‘ದಾದಿ’ಯು ‘ಧಾತ್ರಿ’ಯ ತದ್ಭವವಾಗಿ ಅದೇ ಅರ್ಥವನ್ನು ಹೇಳುತ್ತದೆ. ‘ಉಪಚಾರ’ವೆಂದರೆ ಬಳಿಸಾರುವುದು, ‘ಪರಿಚಾರಕ’ನೆಂದರೆ ಸುತ್ತ ಸುಳಿಯುವವನು. ಇವೆಲ್ಲವೂ ದೇಹದ ಸಾಮೀಪ್ಯವನ್ನು ಹೇಳುವುವು. ‘ಸೂಲಗಿತ್ತಿ’ ಎಂಬ ಅಚ್ಚಗನ್ನಡ ಶಬ್ದ ಮಾತ್ರ ಬೇರೆ ಜಾತಿಯದು: ‘ಸೂಲು’ ಎಂದರೆ ಹೆರಿಗೆ, ಅದನ್ನು ಬಲ್ಲವಳು, ಅದನ್ನೇ ಕಸುಬಾಗಿ ಉಳ್ಳವಳು ಸೂಲಗಿತ್ತಿ. ಯಾರ ಅಧೀನಳೆಂಬುದನ್ನು ಈ ಹೆಸರು ಹೇಳದೆ, ಏನನ್ನು ಬಲ್ಲಳೆಂಬುದನ್ನು ಹೇಳುತ್ತದೆ.

ಎಲ್ಲಕ್ಕಿಂತಲೂ ಗಮನಾರ್ಹವಾದುದು ‘ಆರೈಕೆ’. ಇದು ‘ಆರಯ್’ ಧಾತುವಿನಿಂದ ಹುಟ್ಟಿದ ಶಬ್ದ. ಹಳಗನ್ನಡದಲ್ಲಿ ಆ ಧಾತುವಿಗೆ ಹುಡುಕು, ವಿಚಾರಿಸು, ಪರೀಕ್ಷಿಸು ಎಂಬ ಅರ್ಥಗಳೂ, ಪಾಲಿಸು ಎಂಬ ಅರ್ಥವೂ ಉಂಟು. ತಮಿಳಿನಲ್ಲಿ ಇದರ ಸೋದರಶಬ್ದವಾದ ‘ಆರಾಯ್’ ಎಂಬುದರಿಂದ ಸಂಶೋಧನೆಗೆ ‘ಆರಾಯ್ಚ್ಚಿ’ ಎಂಬ ಹೆಸರು ಬಂದಿದೆ. ಒಂದೇ ಬೇರು ಒಂದು ಭಾಷೆಯಲ್ಲಿ ರೋಗಿಯನ್ನು ಕಾಪಾಡುವ ಕೆಲಸವಾಯಿತು, ನೆರೆಯ ಭಾಷೆಯಲ್ಲಿ ಶಾಸ್ತ್ರವನ್ನು ಶೋಧಿಸುವ ಕೆಲಸವಾಯಿತು. ಈ ಎರಡರ್ಥವೂ ಕನ್ನಡದ ಆಡುಮಾತಿನಲ್ಲಿ ಇಂದಿಗೂ ಕೂಡಿಯೇ ಇವೆ. ‘ಕಾಯಿಲೆಯಾದಾಗ ಚೆನ್ನಾಗಿ ವಿಚಾರಿಸಿಕೊಂಡರು’ ಎನ್ನುವಲ್ಲಿ ವಿಚಾರಣೆಯೇ ಪಾಲನೆ. ‘ನೋಡಿಕೊಂಡರು’ ಎನ್ನುವಲ್ಲಿ ನೋಟವೇ ರಕ್ಷಣೆ. ಉನ್ನತ ಶುಶ್ರೂಷಾವಿದ್ಯೆ ಸಾಧಿಸಹೊರಟಿರುವುದನ್ನು ಕನ್ನಡದ ನುಡಿಗಟ್ಟು ಬಹು ಹಿಂದೆಯೇ ಅರಿತಿತ್ತೆಂದು ಹೇಳಲಡ್ಡಿಯಿಲ್ಲ.

೩

ವೈದ್ಯಸಂಹಿತೆಗಳಲ್ಲಿಯೂ ಇದೇ ಇಬ್ಬಂದಿತನ ಕಾಣಬರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೆ ನಾಲ್ಕು ನಾಲ್ಕು ಗುಣಗಳನ್ನು ವಿಧಿಸಿದೆ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಲ್ಲುವವನು, ಪರಿಚಾರಕ. ಅವನಿಗೆ ಹೇಳಿದ ಗುಣಗಳಲ್ಲಿ ಮೊದಲನೆಯದು ಉಪಚಾರಜ್ಞತೆ, ಎಂದರೆ ಉಪಚಾರಶಾಸ್ತ್ರದ ತಿಳಿವಳಿಕೆ. ಆಮೇಲೆ ದಕ್ಷತೆ, ಅನುರಾಗ, ಶುಚಿತ್ವ. ಜ್ಞಾನವನ್ನು ಮೊದಲಿಟ್ಟುದು ಆಚಾರ್ಯನ ಹಿರಿಮೆ. ಆದರೂ ಅದೇ ಅಧ್ಯಾಯದಲ್ಲಿ ಮಣ್ಣು, ಕೋಲು, ಚಕ್ರ, ದಾರಗಳು ಕುಂಬಾರನಿಲ್ಲದೆ ಹೇಗೆ ನಿಷ್ಫಲವೋ ಹಾಗೆಯೇ ವೈದ್ಯನಿಲ್ಲದೆ ಉಳಿದ ಮೂರು ಪಾದಗಳು ನಿಷ್ಫಲವೆಂದು ಹೇಳಿದೆ. ಹೋಲಿಕೆ ಸುಂದರವಾಗಿದೆ, ಆದರೆ ಉಪಚಾರವನ್ನು ಬಲ್ಲ ಮನುಷ್ಯನು ಇದರಲ್ಲಿ ಜೀವವಿಲ್ಲದ ಉಪಕರಣಗಳ ಸಾಲಿಗೆ ಸೇರಿಹೋಗುವನು.

ಸುಶ್ರುತನು ತನ್ನ ಸೂತ್ರಸ್ಥಾನದ ಮೂವತ್ತನಾಲ್ಕನೆಯ ಅಧ್ಯಾಯದಲ್ಲಿ ಪರಿಚಾರಕನಿಗೆ ಸ್ನೇಹ, ಜುಗುಪ್ಸೆಯಿಲ್ಲದಿರುವುದು, ಬಲ, ದಣಿವಿಲ್ಲದಿರುವುದು ಮುಂತಾದವುಗಳ ಜತೆಗೆ ವೈದ್ಯನ ಮಾತಿನಂತೆ ನಡೆಯುವುದನ್ನೂ ಲಕ್ಷಣವಾಗಿ ಹೇಳುವನು. ವಾಗ್ಭಟನಾದರೋ ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿಯೇ ಪರಿಚಾರಕನು ಅನುರಕ್ತನೂ ಶುಚಿಯೂ ದಕ್ಷನೂ ಬುದ್ಧಿವಂತನೂ ಆಗಿರಬೇಕೆನ್ನುವನು. ಮೂವರನ್ನೂ ಒಟ್ಟಿಗಿಟ್ಟು ನೋಡಿದರೆ ಪರಿಚಾರಕನ ಬುದ್ಧಿಗೆ ಮನ್ನಣೆಯಿದ್ದರೂ ಆ ಬುದ್ಧಿಯು ಎಲ್ಲಿಯವರೆಗೆ ಸ್ವತಂತ್ರವೆಂಬ ಪ್ರಶ್ನೆಗೆ ಸಂಹಿತೆಗಳಲ್ಲಿ ಉತ್ತರ ದೊರೆಯುವುದಿಲ್ಲ. ಇಂದಿನ ಪಠ್ಯಕ್ರಮದ ಮುಂದಿರುವುದೂ ಇದೇ ಪ್ರಶ್ನೆ.

ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ಬರೆಯುವ ಸಂಪ್ರದಾಯ ಬಡವಾದುದಲ್ಲ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣ—ಹನ್ನೆರಡರಿಂದ ಹದಿನಾಲ್ಕನೆಯ ಶತಮಾನದೊಳಗಿನ ಈ ಗ್ರಂಥಗಳು ಪಶುಚಿಕಿತ್ಸೆಯಿಂದ ವಿಷಚಿಕಿತ್ಸೆಯವರೆಗೆ ಶಾಸ್ತ್ರವನ್ನು ಕನ್ನಡವು ಹೊರಬಲ್ಲದೆಂಬುದಕ್ಕೆ ಸಾಕ್ಷಿ. ಈ ಗ್ರಂಥಗಳಿಗೆ ಮುಖ್ಯವಾದುದು ಬೇನೆ ಮತ್ತು ಮದ್ದು. ಮದ್ದನ್ನು ಕೊಟ್ಟಮೇಲೆ ರಾತ್ರಿಯೆಲ್ಲ ರೋಗಿಯ ಬಳಿ ಕುಳಿತು ನೋಡುವವರ ವಿದ್ಯೆಗೆಂದೇ ಪ್ರತ್ಯೇಕವಾದ ಶಾಸ್ತ್ರ ಬೆಳೆಯಲು ಹತ್ತೊಂಬತ್ತನೆಯ ಶತಮಾನ ಬರಬೇಕಾಯಿತು.

೪

೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲರ ಶಾಲೆ ಆರಂಭವಾಯಿತು. ಶುಶ್ರೂಷೆಯನ್ನು ಕುರಿತ ಆಕೆಯ ಪ್ರಸಿದ್ಧ ಗ್ರಂಥದಲ್ಲಿ ರೋಗಿಯ ನಿರೀಕ್ಷಣೆಗೇ ಒಂದು ಅಧ್ಯಾಯ ಮೀಸಲಾಗಿದೆ. ಆಕೆಯ ಪದ್ಧತಿಯಲ್ಲಿ ಶಿಸ್ತಿಗೂ ಆಜ್ಞಾಪಾಲನೆಗೂ ದೊಡ್ಡ ಸ್ಥಾನವಿದ್ದಿತಾದರೂ ನೋಡುವುದು ಒಂದು ವಿದ್ಯೆ, ಅದನ್ನು ಕಲಿಸಬಹುದು ಎಂಬ ತತ್ತ್ವ ಅಲ್ಲಿ ನೆಲೆಗೊಂಡಿತು.

ಈ ದೇಶದಲ್ಲಿ ೧೯೪೬ನೆಯ ವರ್ಷ ಮುಖ್ಯವಾದುದು. ಭೋರ್ ಸಮಿತಿಯ ವರದಿ ಹೊರಬಿದ್ದುದು ಆಗ. ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷಾವಿದ್ಯೆಗೆ ಸ್ನಾತಕ ಪದವಿಯ ಶಿಕ್ಷಣ ಮೊದಲಾದುದೂ ಅದೇ ವರ್ಷ. ೧೯೪೭ರ ಶಾಸನದಿಂದ ಭಾರತೀಯ ಶುಶ್ರೂಷಾ ಪರಿಷತ್ತಿಗೆ ಆಧಾರ ದೊರೆಯಿತು. ೧೯೫೯ರಲ್ಲಿ ದೆಹಲಿಯ ವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಆರಂಭವಾಯಿತು. ಬೆಂಗಳೂರಿನಲ್ಲಿ ೧೯೫೪ರಲ್ಲಿ ತೆರೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಲ್ಲಿ ನಿಮ್ಹಾನ್ಸ್ ಆಗಿ ಬೆಳೆದು ಮನೋರೋಗಿಗಳ ಶುಶ್ರೂಷೆಗೆ ವಿಶೇಷ ಶಿಕ್ಷಣವನ್ನು ಕೊಡುತ್ತ ಬಂದಿದೆ. ೧೯೯೬ರಲ್ಲಿ ರಾಜೀವಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಕರ್ನಾಟಕದ ಬಹುಸಂಖ್ಯೆಯ ಶುಶ್ರೂಷಾ ವಿದ್ಯಾಲಯಗಳು ಅದರ ಅಧೀನಕ್ಕೆ ಬಂದವು. ೨೦೨೩ರಲ್ಲಿ ಹಳೆಯ ಶಾಸನದ ಸ್ಥಾನದಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿವಿದ್ಯಾ ಆಯೋಗದ ಶಾಸನ ಅಂಗೀಕೃತವಾಯಿತು.

ಹೊರದೇಶಗಳಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರು. ೧೯೬೫ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಲೊರೆಟಾ ಫೋರ್ಡ್ ಎಂಬ ಶುಶ್ರೂಷಾಧ್ಯಾಪಕಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಕೂಡಿ ಮೊತ್ತಮೊದಲ ನರ್ಸ್ ಪ್ರಾಕ್ಟಿಷನರ್ ಶಿಕ್ಷಣವನ್ನು ಏರ್ಪಡಿಸಿದರು. ರೋಗಿಯನ್ನು ತಾನೇ ಪರೀಕ್ಷಿಸಿ, ತಾನೇ ನಿರ್ಣಯಿಸಿ, ತನ್ನ ಎಲ್ಲೆಯೊಳಗೆ ತಾನೇ ಚಿಕಿತ್ಸೆ ಮಾಡಬಲ್ಲ ಶುಶ್ರೂಷಕಿಯ ಕಲ್ಪನೆ ಅಲ್ಲಿಂದ ಹರಡಿತು. ೧೯೮೪ರಲ್ಲಿ ಪಟ್ರೀಷಿಯಾ ಬೆನ್ನರ್ ಎಂಬಾಕೆ ಹೊಸಬಳಿಂದ ಪರಿಣತೆಯವರೆಗೆ ಐದು ಅವಸ್ಥೆಗಳನ್ನು ವಿವರಿಸಿ, ಪರಿಣತೆಯ ಅರಿವಿನಲ್ಲಿ ಬಹುಭಾಗ ನಿಯಮಗಳಾಗಿ ಬರೆದಿಡಲಾಗದಂಥದು, ಕೆಲಸದಲ್ಲಿಯೇ ಹುದುಗಿರುವಂಥದು ಎಂದು ಪ್ರತಿಪಾದಿಸಿದಳು. ಕನ್ನಡ ನಾಡಿಗೆ ಈ ಮಾತು ಹೊಸದಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿಯದೆಯೂ ಸಹಸ್ರಾರು ಹೆರಿಗೆಗಳನ್ನು ನಡೆಯಿಸಿ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅಂಥ ಪರಿಣತಿಯನ್ನು ಕಂಡು, ಪರೀಕ್ಷಿಸಿ, ಹೇಳಬರುವಷ್ಟನ್ನು ಶಾಸ್ತ್ರವಾಗಿ ಬರೆದು ಮುಂದಿನವರಿಗೆ ಒಪ್ಪಿಸುವುದೇ ಉನ್ನತ ವಿದ್ಯೆಯ ಕೆಲಸ.

ಈ ಹಿನ್ನೆಲೆಯಲ್ಲಿ ೨೦೧೬ರ ಪಠ್ಯಕ್ರಮವನ್ನು ಓದಬೇಕು. ಸ್ನಾತಕ ಪದವಿಯ ಜತೆಗೆ ರೋಗಿಗಳ ನಡುವೆ ಕೆಲಸಮಾಡಿದ ಅನುಭವವುಳ್ಳವರಿಗೆ ಮಾತ್ರ ಅಲ್ಲಿ ಪ್ರವೇಶ. ಪಾಠದ ಕೊಠಡಿಗಿಂತ ರೋಗಿಯ ಬಳಿಯ ಅಭ್ಯಾಸಕ್ಕೆ ಬಹುಪಾಲು ಹೊತ್ತು. ಪಾಠಗಳಲ್ಲಿ ಮೂರು ಮೂಲವಿಷಯಗಳು: ಉನ್ನತ ಶುಶ್ರೂಷೆಯ ತಾತ್ತ್ವಿಕ ತಳಹದಿ, ಸಂಶೋಧನೆಯ ಉಪಯೋಗ, ಮುಂದಾಳುತನ ಆಡಳಿತ ಬೋಧನೆಗಳ ಕೌಶಲ. ಇನ್ನು ಮೂರು ಉನ್ನತ ವಿಷಯಗಳು: ರೋಗಕಾರ್ಯವಿಜ್ಞಾನ, ಔಷಧವಿಜ್ಞಾನ, ದೇಹಪರೀಕ್ಷೆ. ಇವುಗಳ ಮೇಲೆ ತೀವ್ರನಿಗಾ ಶುಶ್ರೂಷೆಯ ವಿಶೇಷ ಪಾಠಗಳು. ‘ವೈದ್ಯನ ಮಾತಿನಂತೆ ನಡೆಯುವ’ ಹಳೆಯ ಪರಿಚಾರಕನನ್ನು ದಾಟಿ, ಬುದ್ಧಿವಂತನಾಗಿರಬೇಕೆಂದ ವಾಗ್ಭಟನ ಲಕ್ಷಣವನ್ನು ಈ ಪಠ್ಯಕ್ರಮ ಮನಸ್ಸಿಟ್ಟು ಈಡೇರಿಸಹೊರಟಿದೆ. ಇದು ಅದರ ಮೊದಲ ಗುಣ. ಮುಂದಾಳುತನವನ್ನು ಅಲಂಕಾರವಾಗಿ ಕೊನೆಗೆ ಸೇರಿಸದೆ ಮೂಲವಿಷಯಗಳಲ್ಲಿ ಇಟ್ಟುದು ಎರಡನೆಯ ಗುಣ.

ದೋಷಗಳೂ ಎರಡು. ಮೊದಲನೆಯದು ಇದು: ಮುಂದಾಳುತನವನ್ನು ಆಡಳಿತದ ಜತೆಗೂ ಬೋಧನೆಯ ಜತೆಗೂ ಹೆಣೆದಿರುವುದರಿಂದ ಅದು ಹುದ್ದೆಗೆ ಸಂಬಂಧಪಟ್ಟ ಗುಣವೆಂಬ ಭಾವನೆ ಬರುತ್ತದೆ. ಲೋಕದಲ್ಲಿಯೂ ಹಾಗೆಯೇ ನಡೆಯುತ್ತಿದೆ. ಸ್ನಾತಕೋತ್ತರ ಪದವಿ ಪಡೆದವರ ದಾರಿ ಬಹುಮಟ್ಟಿಗೆ ವಿದ್ಯಾಲಯಗಳ ಕಡೆಗೆ ತಿರುಗುವುದು. ರೋಗಿಯ ಹಾಸಿಗೆಯ ಬಳಿ ಹೆಚ್ಚಿನ ವಿದ್ಯೆಗೆ ತಕ್ಕ ಹೆಚ್ಚಿನ ಸ್ಥಾನ ಅಪರೂಪ. ಔಷಧ ಪರೀಕ್ಷೆಗಳ ವಿಷಯದಲ್ಲಿ ದೊರೆಯುವ ಸ್ವಾತಂತ್ರ್ಯವೂ ಆಯಾ ಸಂಸ್ಥೆಯ ನಿಯಮಾವಳಿಗೆ ಒಳಪಟ್ಟುದು. ಎರಡನೆಯ ದೋಷ ಇನ್ನೂ ಸೂಕ್ಷ್ಮವಾದುದು: ಕೇಳುವುದನ್ನೇ ಮೂಲಾರ್ಥವಾಗಿ ಉಳ್ಳ ವಿದ್ಯೆಯ ಈ ಪಠ್ಯಕ್ರಮದ ವಿಷಯಗಳ ಪಟ್ಟಿಯಲ್ಲಿ ರೋಗಿಯ ಭಾಷೆಗೆ ಹೆಸರಿಲ್ಲ. ಈ ಎರಡು ದೋಷಗಳು ಬೇರೆಬೇರೆಯಲ್ಲವೆಂಬುದನ್ನು ತೋರಿಸಲು ಒಂದು ಊರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು.

೫

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯ ಮುಂದೆ ಹಾದುಹೋಗುವ ಹೊಸೂರು ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಚಂದಾಪುರಗಳನ್ನು ಕಳೆದು ಕರ್ನಾಟಕದ ಎಲ್ಲೆಯಲ್ಲಿ ಅತ್ತಿಬೆಲೆ ಸಿಕ್ಕುತ್ತದೆ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರನ್ನು ದಾಟಿದರೆ ತಮಿಳುನಾಡಿನ ಹೊಸೂರು. ಒಂದೇ ದಾರಿಯ ಒಂದು ತುದಿಯಲ್ಲಿ ಶುಶ್ರೂಷೆಯ ಉನ್ನತ ವಿದ್ಯೆಯ ಪೀಠ. ಇನ್ನೊಂದು ತುದಿಯಲ್ಲಿ ಕೈಗಾರಿಕಾ ಪ್ರದೇಶ, ಸುಂಕದ ಕಟ್ಟೆ, ಹಗಲಿರುಳು ಹರಿಯುವ ಲಾರಿಗಳು. ಕನ್ನಡ, ತೆಲುಗು, ತಮಿಳುಗಳು ಇಲ್ಲಿ ಬಹುಕಾಲದಿಂದ ಒಂದೇ ಸಂತೆಯಲ್ಲಿ ಬೆರೆತಿವೆ. ಕಾರ್ಖಾನೆಗಳ ದೆಸೆಯಿಂದ ಹಿಂದಿ ಮುಂತಾದ ಉತ್ತರದ ನುಡಿಗಳೂ ಬಂದು ಸೇರಿವೆ.

೨೦೨೩ರ ಅಕ್ಟೋಬರ್ ೭ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯೊಂದಕ್ಕೆ ಬೆಂಕಿ ಹತ್ತಿಕೊಂಡಿತು. ದೀಪಾವಳಿಯ ವ್ಯಾಪಾರಕ್ಕಾಗಿ ಕೆಲಸಕ್ಕೆ ಬಂದಿದ್ದವರಲ್ಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಮಂದಿ ತಮಿಳುನಾಡಿನ ಹಳ್ಳಿಗಳ ತರುಣರು. ಆ ದುರಂತದ ಕಾರಣಗಳೂ ಹೊಣೆಯೂ ಬೇರೆ ವಿಚಾರಣೆಗೆ ಸೇರಿದುವು. ಇಲ್ಲಿ ಪ್ರಸ್ತುತವಾದುದು ಇಷ್ಟು: ಇಂಥ ಊರಿನಲ್ಲಿ ಬೆಂಕಿಯಿಂದ ಬೆಂದ ಒಬ್ಬನನ್ನು ಯಾವುದೇ ಆಸ್ಪತ್ರೆಗೆ ತಂದಾಗ ಮೊದಲು ಬಳಿಗೆ ಬರುವ ಶುಶ್ರೂಷಕಿಯಲ್ಲಿ ಯಾವ ವಿದ್ಯೆಯಿರಬೇಕು?

ಮೈಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಂದಿದ್ದರೆ ರಕ್ತನಾಳಗಳಿಂದ ನೀರು ಸೋರಿ ದೇಹ ಬತ್ತುತ್ತದೆ. ರೋಗಿಯ ತೂಕವನ್ನೂ ಬೆಂದ ಭಾಗದ ಪ್ರಮಾಣವನ್ನೂ ಗುಣಿಸಿ, ಪ್ರತಿ ಕಿಲೋಗ್ರಾಮಿಗೆ, ನೂರರಲ್ಲಿ ಒಂದು ಭಾಗಕ್ಕೆ, ೨ರಿಂದ ೪ ಮಿಲಿಲೀಟರಿನಂತೆ ಮೊದಲ ೨೪ ಗಂಟೆಗಳಲ್ಲಿ ದ್ರವವನ್ನು ಏರಿಸುವುದು ವಾಡಿಕೆಯ ಲೆಕ್ಕ. ಅದರಲ್ಲಿ ಅರ್ಧವನ್ನು ಮೊದಲ ೮ ಗಂಟೆಗಳಲ್ಲಿಯೇ ಕೊಡಬೇಕು. ಆ ೮ ಗಂಟೆಗಳನ್ನು ಎಣಿಸುವುದು ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ, ಬೆಂದ ಹೊತ್ತಿನಿಂದ. ಆದಕಾರಣ ‘ಯಾವಾಗ ಸುಟ್ಟಿತು?’ ಎಂಬ ಪ್ರಶ್ನೆಯು ಚಿಕಿತ್ಸೆಯ ಗಣಿತದ ಮೊದಲ ಅಂಕೆ. ಆ ಪ್ರಶ್ನೆಯನ್ನು ರೋಗಿಯ ಭಾಷೆಯಲ್ಲಿ ಕೇಳದಿದ್ದರೆ ಲೆಕ್ಕವೇ ತಪ್ಪುವುದು. ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದವನ ಗಂಟಲು ಕೆಲವು ಗಂಟೆಗಳಲ್ಲಿ ಬಾತು ಉ‌ಸಿರುದಾರಿ ಮುಚ್ಚಿಹೋಗಬಹುದು. ದನಿ ಗೊಗ್ಗರಾಗುವುದು ಅದರ ಮುನ್ಸೂಚನೆಗಳಲ್ಲಿ ಒಂದು. ಮಾತನ್ನು ಕೇಳಿದವರಿಗಲ್ಲದೆ ಆ ಸೂಚನೆ ತಿಳಿಯದು.

ಕೌಟಿಲ್ಯನ ಎಂಟು ಗುಣಗಳು ಇಲ್ಲಿ ಒಂದೊಂದಾಗಿ ಕೆಲಸಕ್ಕೆ ಬರುವುವು. ಕೇಳಬೇಕೆಂಬ ಬಯಕೆಯಿಂದ ಶುಶ್ರೂಷಕಿ ಬಳಿಗೆ ಬಾಗುವಳು, ದನಿಯನ್ನು ಕೇಳುವಳು, ಹೇಳಿದ ಹೊತ್ತನ್ನು ಗ್ರಹಿಸುವಳು, ಬರೆದು ಧಾರಣಮಾಡುವಳು, ದನಿಯಲ್ಲಿ ಆದ ವ್ಯತ್ಯಾಸವನ್ನು ವಿಶೇಷವಾಗಿ ಅರಿಯುವಳು, ಗಂಟಲು ಬಾಯುತ್ತಿದೆಯೆಂದು ಊಹಿಸುವಳು, ಇದು ಅತ್ತು ಒಡೆದ ದನಿಯಿರಬಹುದೆಂಬ ಬೇರೆ ಕಾರಣವನ್ನು ಪರೀಕ್ಷಿಸಿ ತಳ್ಳಿಹಾಕುವಳು. ಕೊನೆಯದು ತತ್ತ್ವಾಭಿನಿವೇಶ: ಕಂಡ ಸತ್ಯದಲ್ಲಿ ದೃಢವಾಗಿ ನಿಂತು, ಹಿರಿಯ ವೈದ್ಯರು ಬೇರೆ ಕೆಲಸದಲ್ಲಿದ್ದರೂ ಕರೆದು, ಈಗಲೇ ಉಸಿರುನಳಿಕೆ ಇಡಬೇಕಾದೀತೆಂದು ಹೇಳುವುದು. ಮುಂದಾಳುತನವೆಂದರೆ ಇದು. ಇದು ಹುದ್ದೆಯಿಂದ ಬರುವುದಿಲ್ಲ. ಕೇಳುವುದರಿಂದ ತೊಡಗಿದ ಬುದ್ಧಿಯ ದಾರಿಯ ಕೊನೆಯಲ್ಲಿ ಬರುತ್ತದೆ. ಮೊದಲ ಮೆಟ್ಟಲಾದ ಭಾಷೆಯನ್ನು ಬಿಟ್ಟ ಪಠ್ಯಕ್ರಮಕ್ಕೆ ಎಂಟನೆಯ ಮೆಟ್ಟಲಾದ ಮುಂದಾಳುತನ ಆಡಳಿತವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಬೆಂಕಿಯಂಥ ವಿಪತ್ತನ್ನು ಬಿಟ್ಟು ದಿನದಿನದ ಕೆಲಸವನ್ನು ನೋಡಿದರೂ ಮಾತು ಇದೇ. ೨೦೧೮ರಿಂದ ಆಯುಷ್ಮಾನ್ ಭಾರತ ಯೋಜನೆಯ ಉಪಕೇಂದ್ರಗಳಲ್ಲಿ ಶುಶ್ರೂಷಾಶಿಕ್ಷಣ ಪಡೆದವರನ್ನು, ಆರು ತಿಂಗಳ ಹೆಚ್ಚಿನ ತರಬೇತಿಯ ಬಳಿಕ, ಸಮುದಾಯ ಆರೋಗ್ಯಾಧಿಕಾರಿಗಳನ್ನಾಗಿ ನೇಮಿಸುತ್ತ ಬಂದಿದ್ದಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರುಗಳ ಮೊದಲ ತಪಾಸಣೆ ಇವರ ಕೈಯಲ್ಲಿದೆ. ಇವರ ಮುಂದೆ ಕುಳಿತ ರೋಗಿ ‘ಸಂಕಟವಾಗುತ್ತದೆ’ ಎನ್ನುವನು. ಉಬ್ಬಸವೋ, ವಾಕರಿಕೆಯೋ, ಮನಸ್ಸಿನ ತಳಮಳವೋ ಆ ಒಂದು ಮಾತಿನಿಂದ ತಿಳಿಯದು. ಇನ್ನೊಬ್ಬನು ‘ಗ್ಯಾಸ್ಟ್ರಿಕ್’ ಎನ್ನುವನು. ಈ ಇಂಗ್ಲಿಷ್ ಶಬ್ದ ಕನ್ನಡಕ್ಕೆ ಬಂದು ಹೊಟ್ಟೆಯುಬ್ಬರದಿಂದ ಎದೆನೋವಿನವರೆಗೆ ಎಲ್ಲವನ್ನೂ ಮುಚ್ಚುವ ಹೊದಿಕೆಯಾಗಿದೆ. ಅದರಡಿಯಲ್ಲಿ ಹೃದಯಾಘಾತವೂ ಅಡಗಿರಬಹುದು. ನೋವು, ಉರಿ, ಸೆಳೆತ, ಚಳಕು, ಹಿಡಿತ, ಜುಮುಗುಡುವಿಕೆ ಎಂದು ಕನ್ನಡವು ಬಿಡಿಸಿ ಹೇಳುವುದನ್ನು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕೆಯಾಗಿ ಬರೆದಾಗ ನೋವಿನ ಪ್ರಮಾಣ ಉಳಿದು ಜಾತಿ ಅಳಿಸಿಹೋಗುವುದು. ಅರ್ಥಛಾಯೆಗಳ ಈ ವಿವೇಚನೆಯನ್ನು ಸಾಹಿತ್ಯದ ತರಗತಿಗಳಲ್ಲಿ ಕಾವ್ಯಾಸ್ವಾದನೆಗೆಂದು ಕಲಿಸುವರು; ಇಲ್ಲಿ ಅದು ಪ್ರಾಣರಕ್ಷಣೆಯ ಸಾಧನ.

೬

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಪದವಿಮಟ್ಟದ ಶುಶ್ರೂಷಾಶಿಕ್ಷಣ ನಡೆಯುವುದು ಇಂಗ್ಲಿಷಿನಲ್ಲಿ. ಬೆಂಗಳೂರಿನ ವಿದ್ಯಾಲಯಗಳಲ್ಲಿ ಕೇರಳ ಮುಂತಾದ ಕಡೆಗಳಿಂದ ಬಂದವರು ಬಹುಮಂದಿ. ಕಲಿತವರು ಹೊರನಾಡಿಗೂ ಹೊರದೇಶಕ್ಕೂ ಹೋಗುವರು. ಔಷಧಗಳ ಹೆಸರು, ಯಂತ್ರಗಳ ಬರೆಹ, ಸಂಶೋಧನೆಯ ಪತ್ರಿಕೆ ಎಲ್ಲವೂ ಇಂಗ್ಲಿಷಿನಲ್ಲಿವೆ. ಹೀಗಿರುವಲ್ಲಿ ಕನ್ನಡದ ಪಾಠ ವ್ಯರ್ಥಭಾರವಲ್ಲವೆ ಎಂದು ಕೇಳಬಹುದು. ಈ ಆಕ್ಷೇಪದ ಪೂರ್ವಾರ್ಧ ಸತ್ಯ. ಇಂಗ್ಲಿಷನ್ನು ಕಳೆದುಕೊಂಡ ಶುಶ್ರೂಷಾಶಾಸ್ತ್ರ ಇಂದು ಕುರುಡಾದೀತು. ಆದರೆ ರೋಗಿಯ ಭಾಷೆಯನ್ನು ಕಳೆದುಕೊಂಡದ್ದು ಕಿವುಡಾಗುವುದು. ಒಂದನ್ನು ತೆಗೆದು ಇನ್ನೊಂದನ್ನು ಇಡಬೇಕೆಂಬ ವಾದ ಇಲ್ಲಿಲ್ಲ. ದೇಹಪರೀಕ್ಷೆಯು ಉನ್ನತ ವಿಷಯವಾಗಿರುವಲ್ಲಿ ದೇಹದ ಅಹವಾಲನ್ನು ಕೇಳುವ ಭಾಷೆಯೂ ಅದರ ಅಂಗವಾಗಿರಬೇಕು. ಅತ್ತಿಬೆಲೆಯಲ್ಲಿ ಅದು ಕನ್ನಡದ ಜತೆಗೆ ತಮಿಳು ತೆಲುಗುಗಳೂ ಆಗಿರಬೇಕಾದೀತು.

ಇನ್ನೊಂದು ಆಕ್ಷೇಪ: ಭಾಷೆಯನ್ನು ಕೆಲಸದಲ್ಲಿಯೇ ಕಲಿಯುವರು, ಪಾಠವೇಕೆ? ಕೆಲಸದಲ್ಲಿ ಕಲಿಯುವುದು ‘ಊಟ ಆಯಿತೆ’, ‘ಮಲಗಿ’, ‘ಮಾತ್ರೆ ನುಂಗಿ’ ಎಂಬ ಆಜ್ಞೆಗಳ ಭಾಷೆ. ಹೇಳುವ ಭಾಷೆಗಿಂತ ಕೇಳುವ ಭಾಷೆ ಕಷ್ಟವಾದುದು. ರೋಗಿಯು ನಾಚಿಕೆಯಿಂದಲೋ ಭಯದಿಂದಲೋ ಸುತ್ತಿಬಳಸಿ ಆಡಿದ ಮಾತಿನ ತಿರುಳನ್ನು ಹಿಡಿಯುವುದು ತಾನಾಗಿ ಬರುವುದಿಲ್ಲ.

ಕನ್ನಡ ಸಾಹಿತ್ಯವು ಈ ಕೇಳ್ಮೆಯ ಕೊರತೆಯನ್ನು ಶಾಸ್ತ್ರಕ್ಕಿಂತ ಮೊದಲು ಗುರುತಿಸಿದೆ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿ ಬಾಣಂತನದ ಬಳಿಕ ಮನೋವ್ಯಾಧಿಗೆ ಗುರಿಯಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುವಳು. ಮನೆಯವರೂ ನೆರೆಹೊರೆಯವರೂ ಅವಳ ಪ್ರತಿಯೊಂದು ಮಾತನ್ನೂ ಹುಚ್ಚಿನ ಗುರುತೆಂದೇ ಕೇಳುವರು. ಆ ಕೇಳುವಿಕೆಯೇ ಅವಳನ್ನು ಮತ್ತೆ ಕೆಡಹುವುದು. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರದಿಂದ ಈ ಕಥೆ ಮನೆಮಾತಾಯಿತು. ಚಿಕಿತ್ಸೆ ಮುಗಿದರೂ ಶುಶ್ರೂಷೆ ಮುಗಿಯದು, ಅದು ಆಸ್ಪತ್ರೆಯ ಬಾಗಿಲನ್ನು ದಾಟಿ ಮನೆಗೆ ಹೋಗಬೇಕು ಎಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪಾಠ ದುರ್ಲಭ. ಅನುಪಮಾ ನಿರಂಜನರ ‘ತಾಯಿ ಮಗು’, ಎಂ. ಶಿವರಾಂ ಅವರ ‘ಮನಮಂಥನ’ ಮುಂತಾದ ಗ್ರಂಥಗಳು ವೈದ್ಯಶಾಸ್ತ್ರವನ್ನು ತಿಳಿಗನ್ನಡದಲ್ಲಿ ಹೇಳಬಹುದೆಂಬುದನ್ನೂ ಸಾಧಿಸಿ ತೋರಿಸಿವೆ. ಇವರಿಬ್ಬರೂ ವೈದ್ಯರು. ಶುಶ್ರೂಷಕಿಯರ ಕೈಯಿಂದಲೂ ಅಂಥ ಗ್ರಂಥಗಳು ಹೊರಬರುವುದು ಉನ್ನತ ವಿದ್ಯೆ ಕನ್ನಡದ ನೆಲದಲ್ಲಿ ಬೇರೂರಿದುದಕ್ಕೆ ನಿಜವಾದ ಕುರುಹಾದೀತು. ಮುಂದಾಳುತನಕ್ಕೆ ಅದು ಇನ್ನೊಂದು ಪರೀಕ್ಷೆ: ಯಾವ ವೃತ್ತಿಯು ತನ್ನ ಅನುಭವವನ್ನು ತಾನೇ ಬರೆಯುವುದಿಲ್ಲವೋ ಅದನ್ನು ಬೇರೆಯವರು ಬರೆಯುವರು, ಮತ್ತು ಕುಂಬಾರನ ಕೋಲಿನಂತೆ ಬರೆಯುವರು.

ಈ ಕೆಲಸದಲ್ಲಿ ಭಾಷೆಯ ವಿದ್ವಾಂಸರ ಪಾಲೂ ಉಂಟು. ‘ನರ್ಸ್ ಪ್ರಾಕ್ಟಿಷನರ್’ ಎಂಬುದಕ್ಕೆ ಸಂಸ್ಕೃತದ ಸಮಾಸವೊಂದನ್ನು ಕಟ್ಟಿಕೊಟ್ಟರೆ ಅದು ತೀರುವುದಿಲ್ಲ. ಜನರು ಬಾಯಲ್ಲಿ ಹಿಡಿಯದ ಪದ ಫಲಕದ ಮೇಲೆ ಮಾತ್ರ ಬಾಳುವುದು. ಮಾಡಬೇಕಾದುದು ಬೇರೆ. ರೋಗಿಗಳು ತಮ್ಮ ಬೇನೆಯನ್ನು ಹೇಳಿಕೊಳ್ಳುವ ಮಾತುಗಳನ್ನು ಸೀಮೆಸೀಮೆಗಳಿಂದ ಕೂಡಿಹಾಕಿ, ಒಂದೊಂದರ ಅರ್ಥವ್ಯಾಪ್ತಿಯನ್ನು ಶುಶ್ರೂಷಕಿಯರ ನೆರವಿನಿಂದ ನಿಶ್ಚಯಿಸಿ, ಗಡಿನಾಡುಗಳಲ್ಲಿ ತಮಿಳು ತೆಲುಗುಗಳ ಸಮಾನ ಮಾತುಗಳೊಡನೆ ಕೋಶವಾಗಿ ಅಣಿಗೊಳಿಸಬೇಕು. ಸೂಲಗಿತ್ತಿಯರ ಮಾತುಗಳೂ ಅದರಲ್ಲಿ ಸೇರಬೇಕು. ಶಬ್ದಕೋಶದ ಕೆಲಸದಲ್ಲಿ ಪಳಗಿದ ನಾಡಿಗೆ ಇದು ಅಸಾಧ್ಯವಲ್ಲ.

‘ಶುಶ್ರೂಷೆ’ ಎಂಬ ಹೆಸರನ್ನು ತೆಗೆದುಹಾಕಬೇಕಾದ ಅಗತ್ಯವೂ ಇಲ್ಲ. ಅದರ ಎರಡು ಬಾಳುಗಳಲ್ಲಿ ಯಾವುದನ್ನು ಮುಂದುವರಿಸಬೇಕೆಂಬುದು ಮಾತ್ರ ನಿಶ್ಚಯವಾಗಬೇಕು. ಆಜ್ಞೆಯನ್ನು ಕೇಳುವ ಶುಶ್ರೂಷೆ ಊಳಿಗವಾಗಿ ಉಳಿಯುವುದು. ರೋಗಿಯನ್ನು ಕೇಳುವ ಶುಶ್ರೂಷೆ ಬುದ್ಧಿಯಾಗಿ ಬೆಳೆಯುವುದು. ಎರಡನೆಯದನ್ನು ಕನ್ನಡಿಗರು ‘ಆರೈಕೆ’ ಎಂದು ಮೊದಲೇ ಕರೆದಿದ್ದರು. ಹೊಸೂರು ರಸ್ತೆಯ ಒಂದು ತುದಿಯಲ್ಲಿ ಕಲಿತದ್ದು ಇನ್ನೊಂದು ತುದಿಯಲ್ಲಿ, ಅತ್ತಿಬೆಲೆಯ ರೋಗಿಯ ಗೊಗ್ಗರು ದನಿಗೆ ಕಿವಿಗೊಡುವಲ್ಲಿ, ಆ ಹೆಸರಿಗೆ ತಕ್ಕುದಾಗಬೇಕಾಗಿದೆ.